ಮುನ್ನೂರ ಅರುವತ್ತು ಎಲೆಗಳು

ನಮ್ಮ ಸೀಮೆಯಲ್ಲಿ ‘ಎಲೆ’ ಎಂಬ ಮಾತಿಗೆ ಅರ್ಥಗಳು ಹಲವು. ಜಗಲಿಯಲ್ಲಿ ಕುಳಿತ ಹಿರಿಯರಿಗೆ ಎಲೆಯೆಂದರೆ ವೀಳ್ಯದೆಲೆ. ಜಂಬರದ ಮನೆಯಲ್ಲಿ ಅದು ಬಾಳೆಲೆ. ಬಂಟ್ವಾಳದ ಕಡೆ ಮಡಿಲಲ್ಲಿ ಗೆರಸೆಯಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಹೆಂಗಸರಿಗೆ ಅದು ಬೀಡಿಯ ಎಲೆ. ಮೂಡುಬಿದಿರೆಯಲ್ಲಿ ಧವಲಾ ಗ್ರಂಥದ 12ನೆಯ ಶತಮಾನದ ಚಿತ್ರಿತ ತಾಳೆಯೋಲೆಗಳು ಬಸದಿಯ ಆಶ್ರಯದಲ್ಲಿ ಉಳಿದು ಬಂದವು. ಇನ್ನೊಂದು ಎಲೆಯಿದೆ, ಅದರ ಹೆಸರನ್ನು ಮನೆಯ ಹಿರಿಯರ ಮುಂದೆ ಎತ್ತುವಂತಿರಲಿಲ್ಲ. ಅದು ಇಸ್ಪೀಟೆಲೆ.

ಈಗ ಆ ಎಲೆಯ ಕುರಿತು ಬರೆಯಲು ಕಾರಣ, ನನ್ನ ಹಳೆಯ ವಿದ್ಯಾರ್ಥಿಗಳೇ ಕೇಳಿದ ಒಂದು ಪ್ರಶ್ನೆ. ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿರುವ ಕೆಲವರು ಊರಿಗೆ ಬಂದಾಗ ಹೇಳಿದರು: “ಮಾಷ್ಟ್ರೇ, ಮಕ್ಕಳು ಪೋಕೆಮಾನ್ ಕಾರ್ಡು ಕೂಡಿಹಾಕುವ ಹುಚ್ಚಿಗೆ ಬಿದ್ದಿದ್ದಾರೆ. ಪೊಟ್ಟಣದ ಮೇಲೆ ಪೊಟ್ಟಣ ಕೊಡಿಸಬೇಕಂತೆ. ಇದು ಆಟವೋ ಜೂಜೋ?” ಒಂದು ಮಾತಿನಲ್ಲಿ ಉತ್ತರಿಸಿ ಮುಗಿಸುವ ಪ್ರಶ್ನೆಯಲ್ಲ ಇದು. ಇತಿಹಾಸ ಕಲಿಸಿದವನಾದ ಕಾರಣ ಇತಿಹಾಸದ ದಾರಿಯಿಂದಲೇ ಹೋಗುತ್ತೇನೆ. ಮಕ್ಕಳ ಈ ಎಲೆಗಳಿಗೂ ಮೈಸೂರಿನ ಒಬ್ಬ ಮಹಾರಾಜರಿಗೂ ಸಂಬಂಧ ಕಲ್ಪಿಸುವ ನನ್ನ ಯತ್ನವನ್ನು ಓದುಗರು ತಾಳ್ಮೆಯಿಂದ ಓದಬೇಕು.

ಇಸ್ಪೀಟಿಗೆ ನಮ್ಮಲ್ಲಿ ಕೆಟ್ಟ ಹೆಸರು ಬರಲು ಕಾರಣ ಇಲ್ಲದಿಲ್ಲ. ಜಾತ್ರೆಯ, ಕೋಳಿ ಅಂಕದ ಮಗ್ಗುಲಲ್ಲಿ ಪೆಟ್ರೋಮ್ಯಾಕ್ಸ್ ಹಚ್ಚಿಕೊಂಡು ನಡೆಯುತ್ತಿದ್ದ ‘ಉಲಾಯಿ-ಪಿದಾಯಿ’ ಆಟದಲ್ಲಿ ಮನೆಯ ಅಡಿಕೆ ಮಾರಿದ ಹಣವನ್ನು ಕಳೆದುಕೊಂಡು ಬಂದವರ ಕಥೆ ಪ್ರತಿಯೊಂದು ಗ್ರಾಮದಲ್ಲೂ ಇದೆ. ಎಲೆ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬುದಷ್ಟೇ ಅಲ್ಲಿಯ ಆಟ. ಆಡುವವನ ಬುದ್ಧಿಗೆ ಅಲ್ಲಿ ಮಾಡಲು ಕೆಲಸವೇ ಇಲ್ಲ. ಆದರೆ ಅದೇ ಊರಿನ ಜಗಲಿಗಳಲ್ಲಿ ಮಳೆಗಾಲದ ಸಂಜೆ ನಡೆಯುತ್ತಿದ್ದ ‘ಇಪ್ಪತ್ತೆಂಟು’ ಆಟ ಬೇರೆಯೇ ಜಾತಿಯದು. ಒಂದು ಕಟ್ಟಿನಲ್ಲಿ 52 ಎಲೆಗಳು. ಅವುಗಳಲ್ಲಿ ಎರಡರಿಂದ ಆರರವರೆಗಿನ 20 ಎಲೆಗಳನ್ನು ಬದಿಗಿಟ್ಟು, ಉಳಿದ 32ರಲ್ಲಿ ಆಡುತ್ತಾರೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಬಣ್ಣ ಸೇರಿ ಒಟ್ಟು 28. ರಾಜ, ರಾಣಿಯರಿಗೆ ಸೊನ್ನೆ! ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳದವನು, ಎದುರು ಕುಳಿತ ಜೊತೆಗಾರನ ಮನಸ್ಸನ್ನು ತಿಳಿಯದವನು ಇಲ್ಲಿ ಗೆಲ್ಲಲಾರ.

ಕಾನೂನು ಕೂಡ ಈ ಭೇದವನ್ನು ಗುರುತಿಸಿದೆ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿ ಆಟವು ಮುಖ್ಯವಾಗಿ ಕೌಶಲದ ಆಟವೆಂದು ಹೇಳಿತು. ಯಾವ ಎಲೆ ಬಿತ್ತು ಎಂಬ ನೆನಪು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಅದಕ್ಕೆ ಬೇಕು ಎಂಬುದೇ ಅಲ್ಲಿಯ ತರ್ಕ. 2025ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಎಲೆ ಒಂದು ವಸ್ತು, ಪಣ ಇನ್ನೊಂದು ವಸ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

‘ಇಪ್ಪತ್ತೆಂಟ’ರಲ್ಲಿ ನನಗೆ ಬಹು ಹಿಡಿಸಿದ ಸಂಗತಿ ಮತ್ತೊಂದಿದೆ. ಅಂಗಡಿಯಿಂದ ತಂದ ಕಟ್ಟನ್ನು ನಮ್ಮ ಹಿರಿಯರು ತಂದ ಹಾಗೆಯೇ ಆಡಲಿಲ್ಲ. ಬೇಡದ ಎಲೆಗಳನ್ನು ತೆಗೆದರು, ಗುಲಾಮನನ್ನು ರಾಜನ ಮೇಲೆ ಕೂರಿಸಿದರು. ಎಲೆಗಳ ರಾಶಿಯಲ್ಲಿ ಏನಿರಬೇಕು, ಯಾವುದಕ್ಕೆ ಎಷ್ಟು ಬೆಲೆ ಎಂದು ಮೊದಲೇ ನಿಶ್ಚಯಿಸುವುದರಲ್ಲಿ ಆಟದ ಅರ್ಧ ಭಾಗ ಮುಗಿದಿರುತ್ತದೆ. ಈ ನಿಶ್ಚಯಿಸುವ ಕಲೆಗೆ ನಮ್ಮ ದೇಶದಲ್ಲಿ ದೊಡ್ಡ ಪರಂಪರೆಯೇ ಇದೆ.

ಕಳಾವರ, ಆಟೀನುಗಳ ಎಲೆಗಳು ಐರೋಪ್ಯರ ಜೊತೆಗೆ ನಮ್ಮ ಕರಾವಳಿಗೆ ಬಂದವು. ಈ ಎರಡು ಹೆಸರುಗಳೂ ಡಚ್ಚರ ಕ್ಲಾವರ್, ಹಾರ್ಟನ್ ಶಬ್ದಗಳಿಂದ ಬಂದವೆನ್ನುತ್ತಾರೆ. ಇವಲ್ಲದೆ ಪರ್ಷಿಯಾದ ಕಡೆಯಿಂದ ಬಂದ ಇನ್ನೊಂದು ಕುಲದ ಎಲೆಗಳು ಭಾರತದಲ್ಲಿದ್ದವು. ಅವೇ ಗಂಜೀಫಾ. 1527ರಲ್ಲಿ ಬಾಬರನು ಸಿಂಧ್ ಪ್ರಾಂತದ ತನ್ನ ಮಿತ್ರನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿ ಹನ್ನೆರಡು ವರ್ಗಗಳ ಹಳೆಯ ಕಟ್ಟಿನ ವರ್ಣನೆಯಿದೆ: ಅಶ್ವಪತಿ, ಗಜಪತಿ, ನರಪತಿ, ಗಢಪತಿ, ಧನಪತಿ ಹೀಗೆ. ವರ್ಗವೊಂದಕ್ಕೆ 12 ಎಲೆಯಂತೆ ಒಟ್ಟು 144. ಅಕ್ಬರನು ಇದನ್ನು ಇದ್ದ ಹಾಗೆ ಬಿಡದೆ ಮಾರ್ಪಡಿಸಿ, ಖಜಾನೆ ಮತ್ತು ಕಾರ್ಖಾನೆಗಳ ಕೆಲಸಗಾರರನ್ನೆಲ್ಲ ಎಲೆಗಳ ಮೇಲೆ ತಂದನು. ತನ್ನ ಆಡಳಿತವನ್ನೇ ಒಂದು ಕಟ್ಟಿನಲ್ಲಿ ಜೋಡಿಸಿ ನೋಡಿದ ಬಾದಶಹನೆಂದು ಹೇಳಬಹುದು.

ಮುಂದೆ ಎಂಟು ವರ್ಗಗಳ 96 ಎಲೆಯ ಮೊಗಲ್ ಗಂಜೀಫಾ ಪ್ರಚಾರಕ್ಕೆ ಬಂತು. ಹಿಂದೂಗಳು ಅದನ್ನು ದಶಾವತಾರದ ಕಟ್ಟಾಗಿ ಮಾರ್ಪಡಿಸಿದರು. ಹತ್ತು ಅವತಾರಗಳು, ಒಂದೊಂದರಲ್ಲಿ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು, ಒಟ್ಟು 120. ಎಲೆಗಳು ದುಂಡಗಿರುತ್ತಿದ್ದವು. ಅರ್ಧದಷ್ಟು ವರ್ಗಗಳಲ್ಲಿ ಹತ್ತು ದೊಡ್ಡದಾದರೆ, ಉಳಿದರ್ಧದಲ್ಲಿ ಒಂದೇ ದೊಡ್ಡದು. ಹಗಲಿನಲ್ಲಿ ಆಡುವಾಗ ರಾಮನೂ ರಾತ್ರಿ ಆಡುವಾಗ ಕೃಷ್ಣನೂ ಆಟವನ್ನು ಆರಂಭಿಸುವ ಸಂಪ್ರದಾಯವಿತ್ತು. ಮೂವರು ಆಡಿದರೆ ಒಬ್ಬೊಬ್ಬರ ಕೈಯಲ್ಲಿ 40 ಎಲೆ! ನೆನಪಿನ ಶಕ್ತಿ ಇಲ್ಲದವನು ಅತ್ತ ಸುಳಿಯುವಂತಿರಲಿಲ್ಲ. ಸಾವಂತವಾಡಿ, ಒಡಿಶಾ, ಬಂಗಾಳದ ಬಿಷ್ಣುಪುರಗಳಲ್ಲಿ ಈ ಕಲೆ ಇಂದಿಗೂ ಉಳಿದುಕೊಂಡಿದೆ.

ಇನ್ನು ಮೈಸೂರಿಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರು 1794ರಲ್ಲಿ ಹುಟ್ಟಿ 1799ರಲ್ಲಿ, ಐದು ವರ್ಷದ ಬಾಲಕರಾಗಿ ಸಿಂಹಾಸನವೇರಿದವರು. ಅದೇ ವರ್ಷ ಟಿಪ್ಪುವಿನ ಪತನದೊಡನೆ ನಮ್ಮ ಕರಾವಳಿ ಮೈಸೂರಿನಿಂದ ಬೇರೆಯಾಗಿ ಕಂಪೆನಿಯವರ ವಶವಾಯಿತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳು ಮುಮ್ಮಡಿಯವರ ಪ್ರಜೆಗಳಾಗಲೇ ಇಲ್ಲ. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಅಧಿಕಾರವಿಲ್ಲದ ಅರಸರು. ಆ ಕಾಲದಲ್ಲಿ ವಿದ್ವಾಂಸರನ್ನೂ ಚಿತ್ರಕಾರರನ್ನೂ ಪೋಷಿಸಿದರು. 1833ರಲ್ಲಿ ಶಾಲೆಯೊಂದನ್ನು ತೆರೆದರು. ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆದದ್ದು ಅದೇ. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಒಂದೊಂದು ಬಾರಿ ಮಾತ್ರ ನಡೆಸುವ ಸಮಸ್ಯೆಗೆ ಅನೇಕ ಪರಿಹಾರಗಳನ್ನು ರಚಿಸಿದರು.

ಅವರ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳ ಮಹಾಗ್ರಂಥ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ ನಿಧಿಗಳಾದ ಬಳಿಕ ಕೊನೆಯದು ಕೌತುಕ ನಿಧಿ. ದೇವತಾಮೂರ್ತಿಗಳ ಲಕ್ಷಣವನ್ನು ಹೇಳುವ ಗ್ರಂಥದ ಕೊನೆಯ ಭಾಗದಲ್ಲಿ ಆಟಗಳಿಗೆ ಜಾಗ ದೊರೆತಿರುವುದನ್ನು ನೋಡಿ! ಅರಸರು ತಾವೇ ಯೋಜಿಸಿದ ಗಂಜೀಫಾ ಕಟ್ಟುಗಳ ವಿವರ, ಬಣ್ಣದ ಚಿತ್ರಗಳೊಡನೆ ಅಲ್ಲಿದೆ. ಇವಕ್ಕೆ ‘ಛದ’ ಎಂದು ಹೆಸರು. ಸಂಸ್ಕೃತದಲ್ಲಿ ಛದ ಎಂದರೂ ಎಲೆಯೇ. ಚಾಮುಂಡೇಶ್ವರಿ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ ಎಂದು ಮುಂತಾಗಿ ಅವುಗಳ ನಾಮಾವಳಿ. ಚಿಕ್ಕ ಕಟ್ಟಿನಲ್ಲಿ 36 ಎಲೆಗಳು, ಅತಿ ದೊಡ್ಡದರಲ್ಲಿ 360. ಸಾಮಾನ್ಯವಾಗಿ ಒಂದು ವರ್ಗದಲ್ಲಿ ಅಂಕಿಯ ಎಲೆಗಳು ಹನ್ನೆರಡು, ಆಸ್ಥಾನದ ಎಲೆಗಳು ಆರು. ಕೆಲವು ಎಲೆಗಳು ಸದಾ ತುರುಪಿನವು. ಇನ್ನು ಕೆಲವು ಯಾವ ಎಲೆಯ ಬದಲಿಗಾದರೂ ನಿಲ್ಲಬಲ್ಲವು.

ಹೊರಗೆ ಕಾನೂನು ಬರೆಯುವ ಅಧಿಕಾರವನ್ನು ಕಳೆದುಕೊಂಡ ಅರಸರು ಒಳಗೆ ಕುಳಿತು ಆಟದ ನಿಯಮಗಳನ್ನು ಬರೆದರು. ಇದು ಕಾಲಹರಣವೆಂದು ಅಂದಿನ ಬ್ರಿಟಿಷ್ ಅಧಿಕಾರಿಗಳಿಗೆ ಕಂಡಿರಬಹುದು. ನನಗೆ ಹಾಗೆ ಕಾಣುವುದಿಲ್ಲ. ಪಾಂಡವರು, ಗ್ರಹಗಳು, ದೇವಿಯ ರೂಪಗಳು ಹೀಗೆ ತಾನು ಬಲ್ಲ ಲೋಕವನ್ನೆಲ್ಲ ವರ್ಗೀಕರಿಸಿ, ಯಾವುದು ಯಾವುದನ್ನು ಗೆಲ್ಲುತ್ತದೆಯೆಂದು ತೂಗಿ, ಲೆಕ್ಕ ತಪ್ಪದಂತೆ ಮುನ್ನೂರ ಅರುವತ್ತು ಎಲೆಗಳಲ್ಲಿ ಜೋಡಿಸುವುದು ಸಣ್ಣ ಕೆಲಸವಲ್ಲ.

ಆದರೂ ಆ ಆಟಗಳು ಅರಮನೆಯಿಂದ ಹೊರಗೆ ಹರಡಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ನಿಯಮಗಳು ಬಹಳ ತೊಡಕಿನವು. ಒಂದೊಂದು ಎಲೆಯನ್ನೂ ಚಿತ್ರಕಾರ ಕೈಯಿಂದ ಬರೆಯಬೇಕು. ಕಟ್ಟು ಕೊಳ್ಳುವ ಶಕ್ತಿ ಇದ್ದವರು ಬೆರಳೆಣಿಕೆಯ ಜನ. ಎಲ್ಲಕ್ಕಿಂತ ಮಿಗಿಲಾಗಿ, ನಿಯಮವನ್ನು ರಚಿಸಿದವರು ಅರಸರು. ‘ಇದು ಸರಿಯಿಲ್ಲ, ಈ ಎಲೆಗೆ ಬೆಲೆ ಹೆಚ್ಚಾಯಿತು’ ಎಂದು ಎದುರು ಹೇಳುವ ಜೊತೆಗಾರರು ಅವರಿಗೆ ಎಷ್ಟು ಮಂದಿ ಇದ್ದಾರು? 20ನೆಯ ಶತಮಾನದಲ್ಲಿ ರುಡಾಲ್ಫ್ ಫಾನ್ ಲೇಡನ್ ಎಂಬ ಜರ್ಮನ್ ಮೂಲದ ಮುಂಬಯಿವಾಸಿ ಭಾರತದ ಎಲೆಗಳನ್ನು ಸಂಗ್ರಹಿಸಿ ಅಧ್ಯಯನ ಮಾಡಿದರು. ಅವರ ಗಂಜೀಫಾ ಪುಸ್ತಕವನ್ನು 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ಪ್ರಕಟಿಸಿತು. ಮೈಸೂರು ಶೈಲಿಯ ಎಲೆಗಳಿಗೆ ನಮ್ಮ ಕಾಲದಲ್ಲಿ ಮರುಜೀವ ಕೊಟ್ಟ ಕೀರ್ತಿ ಗಂಜೀಫಾ ರಘುಪತಿ ಭಟ್ಟರದು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. ಚಿತ್ರಗಳು ಉಳಿದವು, ಆಡುವ ಕೈಗಳು ಇಲ್ಲವಾದವು.

ಇತ್ತ ನಮ್ಮ ಊರುಗಳ ಮಕ್ಕಳ ಕೈಯಲ್ಲಿ ಬೇರೆ ಎಲೆಗಳಿದ್ದವು. ನನ್ನ ಬಾಲ್ಯದಲ್ಲಿ ಬೆಂಕಿಪೊಟ್ಟಣದ ಚಿತ್ರ, ಸಿಗರೇಟು ಪೊಟ್ಟಣ, ಬೀಡಿಕಟ್ಟಿನ ಲೇಬಲು. ಎಲ್ಲರ ಮನೆಯಲ್ಲೂ ಸಿಗುವ ಬೀಡಿ ಲೇಬಲಿಗೆ ಒಂದು ಅಂಕ; ಮಂಗಳೂರಿಗೆ ಹೋದ ಮಾವ ತಂದ ವಿಲಾಯಿತಿ ಸಿಗರೇಟಿನ ಪೊಟ್ಟಣಕ್ಕೆ ನೂರು. ಬೆಲೆ ಕಟ್ಟಿದವರು ಮಕ್ಕಳೇ. ನಾನು ಅಧ್ಯಾಪಕನಾದ ಮೇಲೆ ನೋಡಿದ್ದು ಬಬಲ್‌ಗಮ್ಮಿನ ಜೊತೆ ಬರುವ ಕ್ರಿಕೆಟಿಗರ ಚಿತ್ರಗಳು. 1990ರ ದಶಕದಲ್ಲಿ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳು ಬಂದವು. ಎತ್ತರ, ತೂಕ, ಎದೆಯ ಅಳತೆ, ಕಾಳಗಗಳ ಸಂಖ್ಯೆ ಒಂದೊಂದು ಎಲೆಯಲ್ಲೂ ಇರುತ್ತಿದ್ದವು; ಯಾರ ಅಂಕಿ ದೊಡ್ಡದೋ ಎದುರಿನ ಎಲೆ ಅವರ ಪಾಲು. 2000ದ ದಶಕದಲ್ಲಿ ಚಿಪ್ಸ್ ಪೊಟ್ಟಣದೊಳಗಿನ ದುಂಡನೆಯ ಟಾಜೊಗಳು ಬಂದವು. ಗಂಜೀಫಾ ಎಲೆಯ ಆಕಾರ ಮತ್ತೆ ಮರಳಿತೆಂದು ನಾನು ನಕ್ಕಿದ್ದುಂಟು.

ಆದರೆ ಈ ಹೊಸ ಎಲೆಗಳಲ್ಲಿ ಒಂದು ಕಹಿಯೂ ಇತ್ತು. ಬೀಡಿಯ ಲೇಬಲನ್ನು ಯಾರೂ ಹೆಕ್ಕಬಹುದಿತ್ತು. ಬಬಲ್‌ಗಮ್ಮನ್ನು ಕೊಂಡೇ ತೀರಬೇಕು. ಗಲ್ಫಿನಲ್ಲಿ ತಂದೆಯಿರುವ ಹುಡುಗನ ಕಂಪಾಸ್ ಪೆಟ್ಟಿಗೆ ತುಂಬ ಎಲೆಗಳು. ಕೂಲಿಗೆ ಹೋಗುವ ತಾಯಿಯ ಮಗನ ಬಳಿ ಎರಡೇ ಎರಡು. ಎರಡು ಎಲೆಗಳನ್ನಿಟ್ಟುಕೊಂಡವನು ಎಷ್ಟು ಜಾಣನಾದರೂ ಎಷ್ಟು ಹೊತ್ತು ಆಡಿಯಾನು? ಆಟಿ ತಿಂಗಳಲ್ಲಿ ನಮ್ಮ ತಾಯಂದಿರು ಆಡುತ್ತಿದ್ದ ಚೆನ್ನೆಮಣೆಯಲ್ಲಿ ಇಬ್ಬರಿಗೂ ಏಳೇಳು ಗುಳಿ, ಗುಳಿಗೆ ನಾಲ್ಕು ಕಾಯಿಯಂತೆ ಇಬ್ಬರಿಗೂ ಇಪ್ಪತ್ತೆಂಟು ಕಾಯಿ. ಆ ಸಮತೆ ಇಲ್ಲಿರಲಿಲ್ಲ.

1990ರ ದಶಕದ ನಡುವೆ ಬೆಳ್ತಂಗಡಿ ತಾಲೂಕಿನ ಒಂದು ಶಾಲೆಯಲ್ಲಿ ಈ ಸಮಸ್ಯೆಗೆ ಮಕ್ಕಳು ಕಂಡುಕೊಂಡ ಪರಿಹಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಒಂದಿಬ್ಬರು ಅದರ ಪಾಲುದಾರರೇ. ಏಳನೆಯ ತರಗತಿಯ ಹನ್ನೆರಡು ಮಂದಿ ಮದುವೆಯ ಕಾಗದಗಳನ್ನು ಒಂದೇ ಅಳತೆಗೆ ಕತ್ತರಿಸಿದರು. ಹಿಂಭಾಗದ ಮುದ್ರಣದಿಂದ ಎಲೆಯ ಗುರುತು ಹತ್ತುತ್ತದೆಂದು ಪುಸ್ತಕಕ್ಕೆ ಹಾಕುವ ಕಂದು ಕಾಗದವನ್ನು ಅಂಟಿಸಿದರು. ಒಬ್ಬೊಬ್ಬರು ನಾಲ್ಕು ಎಲೆ ಬರೆದು ತರಬೇಕು, ಒಟ್ಟು 48. ಮೇಳದ ಆಟಗಳನ್ನು ನೋಡಿ ಬೆಳೆದ ಮಕ್ಕಳಾದುದರಿಂದ ಎಲೆಗಳ ಮೇಲೆ ಬಂದವರು ಯಕ್ಷಗಾನದ ವೇಷಗಳು. ಬಲ, ಆಯುಧ, ಬುದ್ಧಿ, ಅದೃಷ್ಟ ಎಂದು ನಾಲ್ಕು ಬಗೆಯ ಅಂಕಗಳು, ಒಂದೊಂದಕ್ಕೆ ಹತ್ತರವರೆಗೆ.

ಮೊದಲನೆಯ ದಿನವೇ ಜಗಳ ಎದ್ದಿತು. ಎಲ್ಲರೂ ತಮ್ಮ ತಮ್ಮ ಭೀಮನಿಗೆ ನಾಲ್ಕಕ್ಕೆ ನಾಲ್ಕೂ ಹತ್ತು ಹಾಕಿ ತಂದಿದ್ದರು! ಆಗ ಒಬ್ಬಳು ಹುಡುಗಿ, ಯಾರದೇ ಆಗಲಿ, ನಾಲ್ಕೂ ಸೇರಿ ಇಪ್ಪತ್ತೇ ಆಗಬೇಕೆಂದು ನಿಯಮ ಮಾಡಿದಳು. ಅಲ್ಲಿಂದ ವಿಚಾರ ಶುರುವಾಯಿತು. ಕರ್ಣನಿಗೆ ಬಲ 8, ಆಯುಧ 9, ಬುದ್ಧಿ 2, ಅದೃಷ್ಟ 1. ಶಕುನಿಗೆ ಬಲ 2, ಆಯುಧ 1, ಬುದ್ಧಿ 9, ಅದೃಷ್ಟ 8. ಉತ್ತರಕುಮಾರನಿಗೆ ಅದೃಷ್ಟ 10. ಬೃಹನ್ನಳೆಯಂಥ ಸಾರಥಿ ಬೇರೆ ಯಾರಿಗೆ ಸಿಕ್ಕಿದ್ದ ಎಂಬುದು ಅವರ ವಾದ. ನಾನು ಒಂದು ವಾರ ಪಾಠ ಮಾಡಿದರೂ ಕರ್ಣನ ವಿಷಯದಲ್ಲಿ ಅಷ್ಟು ಚರ್ಚೆ ಆಗುತ್ತಿರಲಿಲ್ಲ.

ಹಂಚುವ ಕ್ರಮವೂ ಹೊಸದಾಗಿತ್ತು. ಕಬಡ್ಡಿಗೆ ಎರಡು ಗುಂಪು ಮಾಡುವಾಗ ನಾಯಕರು ಸರದಿಯಂತೆ ಒಬ್ಬೊಬ್ಬರನ್ನೇ ಆರಿಸುವುದಿಲ್ಲವೇ, ಹಾಗೆ ಎಲೆಗಳನ್ನು ನಡುವೆ ಬಿಡಿಸಿಟ್ಟು ಸರದಿಯಂತೆ ಒಂದೊಂದನ್ನೇ ಆರಿಸಿಕೊಂಡರು. ಆಟ ಮುಗಿದ ಮೇಲೆ ಎಲೆಗಳೆಲ್ಲ ಮರಳಿ ಕಟ್ಟಿಗೆ. ಕಟ್ಟು ಶಾಲೆಯ ಕಪಾಟಿನಲ್ಲಿ ಇರಬೇಕು, ಯಾರೂ ಮನೆಗೆ ಒಯ್ಯಬಾರದು. ಎರಡು ಎಲೆಯ ಹುಡುಗನೂ ಕಂಪಾಸ್ ಪೆಟ್ಟಿಗೆಯ ಹುಡುಗನೂ ಅಂದಿನಿಂದ ಸಮಾನರಾದರು. ಯಾರ ಆರಿಸುವ ಬುದ್ಧಿ ಚೆನ್ನಾಗಿತ್ತೋ ಅವರು ಗೆದ್ದರು.

ಸರಿಸುಮಾರು ಅದೇ ಕಾಲದಲ್ಲಿ ಅಮೆರಿಕದಲ್ಲಿ ಇಂಥದೇ ಆಲೋಚನೆ ಬೇರೊಂದು ದಾರಿಯಲ್ಲಿ ಸಾಗುತ್ತಿತ್ತು. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಅಧ್ಯಾಪಕರು ರಚಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ 1993ರಲ್ಲಿ ಮಾರುಕಟ್ಟೆಗೆ ಬಂತು. ಎಲೆಗಳನ್ನು ಮುಚ್ಚಿದ ಪೊಟ್ಟಣಗಳಲ್ಲಿ ಮಾರುತ್ತಾರೆ. ಒಳಗೆ ಏನಿದೆಯೆಂದು ಕೊಳ್ಳುವವನಿಗೆ ತಿಳಿಯದು. ಕೆಲವು ಎಲೆಗಳು ಅತಿ ವಿರಳ. 1996ರಲ್ಲಿ ಜಪಾನಿನಲ್ಲಿ ಹೊರಬಂದ ಪೋಕೆಮಾನ್ ಎಲೆಗಳದೂ ಇದೇ ಕ್ರಮ. ‘ಬ್ಲ್ಯಾಕ್ ಲೋಟಸ್’, ಅಂದರೆ ಕಪ್ಪು ಕಮಲ ಎಂಬ 1993ರ ಒಂದು ಎಲೆ 2021ರಲ್ಲಿ ಐದು ಲಕ್ಷ ಡಾಲರಿಗೂ ಮೀರಿ ಹರಾಜಾಯಿತು. ನನ್ನ ಶಿಷ್ಯರ ಆತಂಕ ಹುಟ್ಟುವುದು ಇಲ್ಲಿಯೇ. ಎಲೆಯ ಬೆಲೆಗಾಗಿ ಪೊಟ್ಟಣ ಒಡೆಯುವ ಕೈಗೂ ಜಾತ್ರೆಯ ಉಲಾಯಿ-ಪಿದಾಯಿಯಲ್ಲಿ ನೋಟು ಇಡುವ ಕೈಗೂ ಹೆಚ್ಚು ದೂರವಿಲ್ಲ. ಕಂಪ್ಯೂಟರ್ ಆಟಗಳಲ್ಲಿ ಹಣ ತೆತ್ತು ತೆರೆಯುವ ಇಂಥ ಮುಚ್ಚಿದ ಪೆಟ್ಟಿಗೆಗಳನ್ನು 2018ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗ ಜೂಜೆಂದೇ ಪರಿಗಣಿಸಿತು.

ಆದರೆ ಆ ಆಟಗಾರರೇ ಇದಕ್ಕೊಂದು ಮದ್ದನ್ನು ಕಂಡುಹಿಡಿದರು. ‘ಡ್ರಾಫ್ಟ್’ ಎಂಬ ಪದ್ಧತಿಯಲ್ಲಿ ಎಂಟು ಮಂದಿ ಸುತ್ತ ಕುಳಿತು, ತಲಾ 15 ಎಲೆಗಳಿಂದ ಒಂದನ್ನು ಆರಿಸಿ ಉಳಿದುದನ್ನು ಪಕ್ಕದವರಿಗೆ ದಾಟಿಸುತ್ತಾರೆ. ಹೀಗೆ ಮೂರು ಸುತ್ತು. ಒಬ್ಬೊಬ್ಬರಿಗೆ 45 ಎಲೆ ಬರುತ್ತದೆ. ಅದರಿಂದ ತಮ್ಮ ಕಟ್ಟನ್ನು ಜೋಡಿಸಿಕೊಂಡು ಆಡುತ್ತಾರೆ. ಪ್ರತಿ ಸಲವೂ ಹೊಸ ಪೊಟ್ಟಣ ಒಡೆಯುವ ಬದಲು, ಒಬ್ಬನು ತಾನೇ ಎಲೆಗಳನ್ನು ಆರಿಸಿ ಸ್ಥಿರವಾದ ಒಂದು ರಾಶಿಯನ್ನು ಸಿದ್ಧಮಾಡಿ ಇಡುವುದಕ್ಕೆ ‘ಕ್ಯೂಬ್’ ಎನ್ನುತ್ತಾರೆ. ಆಟ ಮುಗಿದರೆ ಎಲೆಗಳು ರಾಶಿಗೆ ವಾಪಸು. ಒಂದು ಹೊಸ ಎಲೆ ಸೇರಿದರೆ ಒಂದು ಹಳೆಯದು ಹೊರಗೆ. ಬಣ್ಣಬಣ್ಣಗಳ ನಡುವೆ ಸಮತೂಕವಿರಬೇಕು, ಒಂದೇ ಎಲೆ ಆಟವನ್ನೆಲ್ಲ ನುಂಗಬಾರದು, ಯಾರಿಗೂ ಬೇಡವಾದ ಎಲೆ ಉಳಿಯಬಾರದು. ಈ ಆಟವನ್ನು ಬಲ್ಲ ಶಿಷ್ಯನೊಬ್ಬನನ್ನು “ಒಟ್ಟು ಎಷ್ಟು ಎಲೆ ಬೇಕಾಗುತ್ತದೆ?” ಎಂದು ಕೇಳಿದೆ. “ಎಂಟು ಜನಕ್ಕೆ ನಲುವತ್ತೈದರಂತೆ ಮುನ್ನೂರ ಅರುವತ್ತು, ಮಾಷ್ಟ್ರೇ” ಎಂದ.

ಮುಮ್ಮಡಿಯವರ ದೊಡ್ಡ ಕಟ್ಟಿಗೂ ಇದಕ್ಕೂ ಸಂಖ್ಯೆ ಒಂದೇ ಆದುದು ಕೇವಲ ಕಾಕತಾಳೀಯ. ಆದರೆ ಎರಡೂ ಕಡೆ ಮಾಡಿದ ಕೆಲಸ ಒಂದೇ ಜಾತಿಯದು: ಎಲೆಗಳನ್ನು ಕೂಡಿಹಾಕುವುದರ ಬದಲು ಆರಿಸಿ ತೂಗಿ ಇಡುವುದು. ಮಹಾರಾಜರ ಬಳಿ ಕಲೆ ಇತ್ತು, ಎದುರು ಮಾತಾಡುವ ಸಂಗಡಿಗರಿರಲಿಲ್ಲ. ಏಳನೆಯ ತರಗತಿಯ ಮಕ್ಕಳ ಬಳಿ ಕಂದು ಕಾಗದ ಮಾತ್ರ ಇತ್ತು; ಜಗಳವಾಡುವ ಸಂಗಡಿಗರು ಹನ್ನೊಂದು ಮಂದಿ. ಎಲೆಗಳ ಬೆಲೆ ಸರಿಹೋದದ್ದು ಆ ಜಗಳದಿಂದ.

ಆದ್ದರಿಂದ ಕೇಳಿದವರಿಗೆ ನನ್ನ ಉತ್ತರವಿಷ್ಟೆ. ಮುಚ್ಚಿದ ಪೊಟ್ಟಣದ ಆಸೆಗೆ ಹಣ ಸುರಿಯುವುದು ಜೂಜಿನ ನೆರೆಮನೆ. ಅಲ್ಲಿ ಮಕ್ಕಳಿಗೆ ಒಂದು ಗಡಿ ಹಾಕಿ. ಆಟವನ್ನು ಬಿಡಿಸಬೇಡಿ. ಈಗಾಗಲೇ ಮನೆಯಲ್ಲಿರುವ ಎಲೆಗಳನ್ನೆಲ್ಲ ನೆಲದ ಮೇಲೆ ಹರಡಿ, ಅಣ್ಣತಮ್ಮಂದಿರು, ನೆರೆಯ ಮಕ್ಕಳು ಸೇರಿ ಒಂದೇ ರಾಶಿಯನ್ನು ಆರಿಸಲಿ. ನಾಲ್ವರಿಗೆ 180 ಎಲೆ ಸಾಕು. ಅಷ್ಟೂ ಇಲ್ಲದಿದ್ದರೆ ಮದುವೆಯ ಕಾಗದಗಳಿಗೆ ಯಾವ ಮನೆಯಲ್ಲೂ ಬರವಿಲ್ಲ. ನಲುವತ್ತೆಂಟು ತುಂಡು ಕತ್ತರಿಸಿ, ಒಂದು ಸಂಜೆ ಅಜ್ಜ ಅಜ್ಜಿಯರನ್ನೂ ಕೂರಿಸಿಕೊಳ್ಳಿ. ನಾಲ್ಕೂ ಸೇರಿ ಇಪ್ಪತ್ತು ಎಂಬ ನಿಯಮವನ್ನು ಬಿಡಬೇಡಿ. ಕರ್ಣನಿಗೆ ಬುದ್ಧಿ ಎರಡೇ ಆದದ್ದು ಅನ್ಯಾಯವೆಂದು ಯಾರಾದರೂ ವಾದಿಸಿದರೆ, ಆ ವಾದವನ್ನು ನನಗೆ ಬರೆದು ಕಳುಹಿಸಿ.